ಹರಕೆಯ ಹುಂಜದ ಉಸಿರು

ಗೊರಗೊರ ಕಡಿಮೆಯಾಗಿದೆಯೋ ಅಥವಾ ನನ್ನ ಕಿವಿಯೇ ಅದಕ್ಕೆ ಒಗ್ಗಿಹೋಗಿದೆಯೋ, ಹೇಗೆ ಗೊತ್ತಾಗಬೇಕು, ಬೆಳಗಿನಿಂದ ಇದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾನು, ಹಳೆಯ ಟವೆಲಿನೊಳಗೆ ಹುಂಜ, ಕಲ್ಲಿನ ತಂಪು ಪಂಚೆ ದಾಟಿ ಮೈಗೆ ಹತ್ತುತ್ತಿದೆ, ಆದರೂ ಏಳಲು ಭಯ, ಅಲುಗಾಡಿದರೆ ಇಷ್ಟು ಹೊತ್ತು ಕೂಡಿಕೊಂಡು ಬಂದದ್ದೆಲ್ಲ ಚದುರಿಹೋಗುತ್ತದೆ ಎಂಬಂತೆ — ನಿನ್ನೆ ಸಂಜೆ ಇದರ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು, ನೀರು ಬತ್ತಿದ ಬೋರ್‌ವೆಲ್ ಬರೀ ಗಾಳಿ ಎಳೆಯುವ ಹಾಗೆ, ಈಗ ಬೆನ್ನಿಗೆ ಕಿವಿ ಹಚ್ಚಿದರೆ ಮಾತ್ರ ಕೇಳುತ್ತದೆ, ಗರಿಯ ಧೂಳು, ಬೆಳ್ಳುಳ್ಳಿ, ಬೇವಿನೆಣ್ಣೆ ಎಲ್ಲ ಸೇರಿದ ವಾಸನೆ, ಅದರೊಳಗೆ ಎಲ್ಲೋ ದೂರದಲ್ಲಿ ಯಾರೋ ಮರಳು ಜರಡಿ ಹಿಡಿಯುತ್ತಿರುವಂಥ ಸದ್ದು, ಸದ್ದು ಇಳಿಯುವುದಕ್ಕೆ ವಾಸಿಯಾಗುವುದೂ ಕಾರಣ, ಎಳೆಯುವ ಶಕ್ತಿ ತೀರುವುದೂ ಕಾರಣ, ಕೂತು ಕೇಳುವವನಿಗೆ ಎರಡೂ ಒಂದೇ. ಕೊಕ್ಕನ್ನು ಎರಡು ಬೆರಳಲ್ಲಿ ಬಿಡಿಸಿ ನೋಡುತ್ತೇನೆ, ನೋಡಬಾರದು ಅಂದುಕೊಂಡೇ ನೋಡುತ್ತೇನೆ, ಚೂಪು ನಾಲಗೆ, ಅದರ ಬುಡದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಸೀಳು, ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ, ಕೆಂಪು ಜುಟ್ಟು, ಬಾಲದ ಹಸಿರು ಮಿಂಚು, ಬೀದಿ ಬೆಕ್ಕನ್ನು ಕಾಂಪೌಂಡ್ ಹಾರಿಸುತ್ತಿದ್ದ ಸೊಕ್ಕು ಎಲ್ಲವೂ ಆ ಸೀಳಿನ ಮೇಲೆ ನಿಂತಿದೆ. ರೀ, ಹೇಗಿದ್ದಾರೆ ಮೇಷ್ಟ್ರು, ಕಿಟಕಿಯ ಒಳಗಿಂದ ಪ್ರಭಾ ಕೇಳುತ್ತಾಳೆ, ನನ್ನ ಹೆಂಡತಿಗೆ ಈಗ ಏಳನೇ ತಿಂಗಳು, ಮಂಚ ಬಿಟ್ಟು ಇಳಿಯಬಾರದು ಎಂದಿದ್ದಾರೆ, ಅದಕ್ಕೇ ಮಂಚವನ್ನೇ ಹಿತ್ತಿಲ ಕಿಟಕಿಗೆ ಒತ್ತಿ ಹಾಕಿಸಿಕೊಂಡಿದ್ದಾಳೆ, ನಿದ್ದೆ ಮಾಡ್ತಿದ್ದಾರೆ ಅಂದೆ, ಕ್ಲಾಸಲ್ಲೇ ನಿದ್ದೆನಾ, ಸರಿಹೋಯ್ತು, ಹಾಗಾದ್ರೆ ಖಂಡಿತ ನಮ್ಮಪ್ಪನೇ ಬಿಡಿ ಅಂದಳು. ಅವಳಪ್ಪ ಕೆಂಗೇರಿ ಉಪನಗರದಲ್ಲಿ ಹೆಡ್‌ಮಾಸ್ಟರು, ಬೆಳಕು ಹರಿಯುವ ಮೊದಲೇ ಗಂಟಲು ಸರಿಮಾಡಿಕೊಂಡು ಇಡೀ ಬೀದಿಯನ್ನು ಎಬ್ಬಿಸುವವರು, ಹುಂಜಕ್ಕೆ ಮೇಷ್ಟ್ರು ಎಂದು ಹೆಸರಿಟ್ಟವಳು ಅವಳೇ, ಹೆಸರಿಡುವಾಗ ನಾನು ಅಲ್ಲೇ ಇದ್ದೆ, ಹೆಸರಿಡಬೇಡ ಎನ್ನಬಹುದಿತ್ತು, ಸುಮ್ಮನೆ ನಕ್ಕೆ. ಒಳಗೆ ಅಡುಗೆಮನೆಯಲ್ಲಿ ಅಮ್ಮ ಏನೋ ಕುಟ್ಟುತ್ತಿದ್ದಾಳೆ, ಮೆಣಸಿರಬೇಕು, ಇದಕ್ಕೇ ಇರಬೇಕು, ಈ ಹುಂಜ ಉಳಿಯಲಿ ಎಂದು ಈ ಮನೆಯಲ್ಲಿ ಇಬ್ಬರು ಹೆಂಗಸರು ಬೇಡುತ್ತಿದ್ದಾರೆ, ಒಬ್ಬಳು ಕಡಿಸುವುದಕ್ಕೆ, ಇನ್ನೊಬ್ಬಳು ಉಳಿಸಿಕೊಳ್ಳುವುದಕ್ಕೆ, ಇಬ್ಬರೂ ಒಂದೇ ಮಗುವಿಗೋಸ್ಕರ, ಒಬ್ಬಳದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ, ಎರಡೂ ಗೊತ್ತಿರುವವನು ನಾನೊಬ್ಬ, ಟವೆಲು ಹಿಡಿದುಕೊಂಡು ಕೂತಿದ್ದೇನೆ.

ಕಾಲಿನಲ್ಲಿ ಅರಿಶಿನದ ದಾರ ಇನ್ನೂ ಇದೆ, ಕೊಳೆಯಾಗಿ ಕಂದುಬಣ್ಣಕ್ಕೆ ತಿರುಗಿದೆ, ಅದನ್ನು ಕಟ್ಟಿದ ದಿನ ಪ್ರಭಾ ತವರಿನಲ್ಲಿದ್ದಳು, ಅಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಬಂದಳು, ಹಿಡ್ಕೊಳ್ಳೋ ಮುನಿ, ರೆಕ್ಕೆ ಮಡಿಸಿ ಹಿಡ್ಕೋ, ಬಡೀತದೆ ಅಂದಳು, ನಾನು ಹಿಡಿದುಕೊಂಡೆ, ಆಗ ಇದು ಮರಿಗಿಂತ ಸ್ವಲ್ಪ ದೊಡ್ಡದು, ನನ್ನ ಅಂಗೈಯಲ್ಲಿ ಇದರ ಎದೆ ಹೊಡೆದುಕೊಳ್ಳುತ್ತಿತ್ತು, ಅಮ್ಮ ದಾರ ಸುತ್ತುತ್ತಾ ಊರ ಮಾರಮ್ಮನ ಹತ್ತಿರ ಮಾತಾಡಿದಳು, ಪಕ್ಕದ ಮನೆಯವಳ ಹತ್ತಿರ ಮಾತಾಡುವಷ್ಟೇ ಸಲೀಸಾಗಿ, ತಾಯೀ, ಈ ಸಲ ಸೊಸೆ ಹೊಟ್ಟೆ ನಿಲ್ಲಲಿ, ಮಗು ಕೈಗೆ ಬರಲಿ, ಇದನ್ನ ನಿನ್ಗೇ ಬಿಟ್ಟಿವ್ನಿ, ಮನೇಲೇ ಬೆಳೆಸಿ ಒಪ್ಪುಸ್ತೀನಿ, ಹೋದ್ಸಲದಂಗೆ ಅಂಗ್ಡಿಯಿಂದ ತರಾಕಿಲ್ಲ. ಹೋದ ಸಲ, ಹೌದು, ಎರಡನೆಯ ಸಲ ಬಸಿರಾದಾಗ, ಅಂಗಡಿಯ ಹುಂಜ, ಅವಸರದಲ್ಲಿ ತಂದು ಅವಸರದಲ್ಲಿ ಒಪ್ಪಿಸಿದ್ದು, ಆಮೇಲೆ ಆ ಆಸ್ಪತ್ರೆ, ಹಸಿರು ಪರದೆ, ನರ್ಸ್ ಹೊರಗೆ ಬಂದು ನನ್ನ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳಿದ್ದು, ಅಮ್ಮನ ಲೆಕ್ಕದಲ್ಲಿ ತಪ್ಪು ಅಂಗಡಿಯದು, ಸಾಕದೆ ಕೊಟ್ಟದ್ದು ಕೊಟ್ಟಂಗಲ್ಲ ಕಣ್ಲಾ, ಅದ್ಕೇ ಆ ತಾಯಿ ಮುಟ್ಲಿಲ್ಲ. ಪ್ರಭಾಳ ಲೆಕ್ಕ ಬೇರೆ, ಆಸ್ಪತ್ರೆಯಿಂದ ಬಂದವಳು ಮುಖ ತೊಳೆದುಕೊಂಡು ನಡುಮನೆಯಲ್ಲಿ ನಿಂತು ಒಂದೇ ಮಾತು ಹೇಳಿದಳು, ಅತ್ತೆ, ಇನ್ನು ನನ್ನ ಹೊಟ್ಟೆ ಹೆಸರಲ್ಲಿ ಯಾವ ಜೀವಾನೂ ತೆಗೀಬೇಡಿ, ಒಂದು ಕೊಟ್ರಿ, ಒಂದು ಹೋಯ್ತು. ಆಯ್ತು ಕಣಮ್ಮ ಅಂದಳು ಅಮ್ಮ, ತಕ್ಷಣ ಅಂದಳು, ಅಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ಸುಳಿವಾಗಬೇಕಿತ್ತು. ಈ ಸಲ ತವರಿನಿಂದ ಬಂದ ಪ್ರಭಾ ದಾರ ನೋಡಿ ಇದೇನ್ರೀ ಅಂದಳು, ಕೋಳಿ ಕಳೆದುಹೋದ್ರೆ ಗುರುತಿಗೆ ಅಂತ ಅಮ್ಮ ಕಟ್ಟಿದ್ದಾಳೆ ಅಂದೆ, ಈ ಮೂಡಲಪಾಳ್ಯದಲ್ಲಿ ಹಿತ್ತಿಲೆಂದು ಉಳಿದಿರುವುದೇ ನಮ್ಮದೊಂದು, ಮೂರೂ ಕಡೆ ಮೂರು ಮಹಡಿಯ ಮನೆಗಳು, ಮೇಲಿನಿಂದ ನೋಡುವವರಿಗೆ ಬಾವಿಯ ತಳದಲ್ಲಿ ಹುಂಜ ಓಡಾಡಿದಂತೆ ಕಾಣುತ್ತದೆ, ಇದು ಎಲ್ಲಿಗೆ ಕಳೆದುಹೋಗುತ್ತದೆ, ಯಾವ ಹುಂಜದ ಜೊತೆ ಬೆರೆತುಹೋಗುತ್ತದೆ, ಅವಳು ಅಷ್ಟೂ ಕೇಳಲಿಲ್ಲ, ನಂಬಿದಳು. ಅವಳೇನೂ ಕೋಳಿ ತಿನ್ನದವಳಲ್ಲ, ಭಾನುವಾರದ ಸಾರಿಗೆ ಮಸಾಲೆ ರುಬ್ಬುವಾಗ ಈ ಹುಂಜವೇ ಬಾಗಿಲಲ್ಲಿ ಬಂದು ನಿಂತಿತ್ತು, ನಾಚಿಕೆ ಆಗಲ್ವಾ ನಿಂಗೆ ಎಂದು ನಾನು ರೇಗಿಸಿದೆ, ಅಂಗಡಿ ಕೋಳಿಗೆ ಹೆಸರಿರಲ್ಲ ಕಣ್ರೀ ಅಂದಳು, ರುಬ್ಬುತ್ತಲೇ.

ಮೊದಲು ಬರೀ ಸೀನು, ಮೂಗಿನ ತೂತಿನಲ್ಲಿ ನೊರೆ, ಆಮೇಲೆ ಒಂದು ಕಣ್ಣು ಊದಿಕೊಂಡಿತು, ಆಮೇಲೆ ಬೆಳಗ್ಗೆ ಕೂಗುವುದು ನಿಂತಿತು, ಕೂಗಲು ಕತ್ತು ಎತ್ತುತ್ತದೆ, ಬಾಯಿ ತೆರೆಯುತ್ತದೆ, ಹಳೆಯ ಬಾಗಿಲು ಸರಿದಂಥ ಸದ್ದು ಬಂದು ಅದೇ ಗಾಬರಿಯಾಗಿ ಸುತ್ತ ನೋಡುತ್ತದೆ, ತನ್ನ ಸದ್ದು ಎಲ್ಲಿ ಹೋಯಿತೆಂದು ಹುಡುಕುವಂತೆ. ಆ ವಾರವೇ ಟೀವಿ ತುಂಬ ಹಕ್ಕಿಜ್ವರ, ಮಹಾರಾಷ್ಟ್ರದಲ್ಲಿ ಬಿಳಿ ಬಟ್ಟೆ ತೊಟ್ಟವರು ಕೋಳಿಗಳನ್ನು ಚೀಲಕ್ಕೆ ತುಂಬಿ ಗುಂಡಿಗೆ ಹಾಕುವುದನ್ನು ಊಟದ ಹೊತ್ತಿಗೇ ತೋರಿಸುತ್ತಿದ್ದರು, ಪಕ್ಕದ ಮನೆಯ ಯಶೋದಮ್ಮ ಕಾಂಪೌಂಡಿನ ಆಚೆಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡು, ನೀಲಮ್ಮಾರೇ, ಅದು ಅದೇ ಕಣ್ರೀ, ಟೀವೀಲಿ ಬಂತಲ್ಲ ಅದೇ, ಬಸ್ರಿ ಹೆಣ್ಮಗು ಇರೋ ಮನೆ, ಎತ್ತಾಕ್ಸಿ ಆಚೆಗೆ ಅಂದರು, ಅಮ್ಮ ಬಿಡುತ್ತಾಳೆಯೇ, ಯಶೋದಮ್ಮ, ನಿಮ್ ಯಜಮಾನ್ರು ಮೂರ್ ತಿಂಗ್ಳಿಂದ ಕೆಮ್ಮುತವ್ರಲ್ಲ, ಅವ್ರನ್ನ ಎತ್ತಾಕ್ಸಿದ್ರಾ, ಯಶೋದಮ್ಮ ಸೆರಗಿನೊಳಗೇ ನಕ್ಕು, ನಿಮ್ ಬಾಯಿಗೆ ಬೆಂಕಿ ಬೀಳ ಅಂದರು, ಆಮೇಲೆ ದನಿ ತಗ್ಗಿಸಿ, ಅಲ್ಲಾ, ದೇವ್ರಿಗೆ ಬಿಟ್ಟಿದ್ದು ಕಾಯಿಲೆ ಬಿತ್ತು ಅಂದ್ರೆ ಮನೆ ಮೇಲಿನ ಗಂಡಾಂತ್ರ ಅದು ತಗೊಂಡೈತೆ ಅಂತ, ತಗೊಂಡು ಹೋಗ್ಲಿ ಬಿಡಿ, ಔಸ್ದಿ ಯಾಕೆ. ತಗೊಂಡು ಹೋಗಾಕೆ ಅದೇನು ಕಸದ ಗಾಡಿಯಾ, ಅಮ್ಮ ಅಂದಳು, ಕಾಯಿಲೇಲಿ ಸತ್ರೆ ಅವ್ಳು ಬ್ಯಾಡ ಅಂದಂಗೆ, ಬ್ಯಾಡ ಅಂದ್ರೆ — ಅಲ್ಲಿಗೆ ನಿಲ್ಲಿಸಿದಳು, ಕಿಟಕಿಯ ಕಡೆ ನೋಡಿದಳು, ಪ್ರಭಾ ಮಲಗಿದ್ದಳು, ನಾನು ಉಸಿರು ಬಿಟ್ಟೆ, ಎಷ್ಟೊಂದು ದಿನದಿಂದ ಈ ಕಿಟಕಿಯ ಕಡೆ ನೋಡಿ ಉಸಿರು ಬಿಡುವುದೇ ನನ್ನ ಕೆಲಸವಾಗಿದೆ. ಪಶು ಆಸ್ಪತ್ರೆಗೆ ಹೊರಟೆ, ತರಕಾರಿಯ ವೈರ್ ಬ್ಯಾಗಿನಲ್ಲಿ ಹುಂಜ, ಮೇಲೆ ಪೇಪರ್ ಮುಚ್ಚಿ, ಆಟೋದವನು ಸರ್ಕಲ್ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ನೋಡಿದ, ಸಾರ್, ಬ್ಯಾಗಲ್ಲಿ ಏನ್ ಸಾರ್ ಗೊರಕೆ ಹೊಡೀತಿರೋದು, ಕೋಳಿ ಅಂದೆ, ಬ್ರೇಕ್ ಹಾಕಿದ, ಇಳೀರಿ ಸಾರ್, ಚಿಕ್ಕ ಮಕ್ಳಿದಾವೆ ಮನೇಲಿ, ದುಡ್ಡೂ ಬೇಡ ಏನೂ ಬೇಡ, ಇಳೀರಿ. ನಡೆದೇ ಹೋದೆ, ಬಿಸಿಲಲ್ಲಿ, ಚಂದ್ರಾ ಲೇಔಟಿನ ಚಿಕನ್ ಅಂಗಡಿಗಳೆಲ್ಲ ಖಾಲಿ, ಅಂಗಡಿಯವರು ಬೋನಿನ ಮುಂದೆ ಕೈಕಟ್ಟಿ ಕೂತು ನನ್ನ ಬ್ಯಾಗನ್ನು ನೋಡಿದರು, ಬೋನಿನೊಳಗಿನ ಕೋಳಿಗಳೂ ನೋಡಿದವು, ನಾನು ಎಂ.ಎ. ಓದಿದವನು, ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳುವವನು, ಯುದ್ಧಗಳ ಕಾರಣ ಮತ್ತು ಪರಿಣಾಮಗಳನ್ನು ಬೋರ್ಡಿನ ಮೇಲೆ ಎರಡು ಸಾಲಾಗಿ ಬರೆಯುವವನು, ಈ ಹುಂಜ ಸತ್ತರೆ ಪರಿಣಾಮವೇನು, ಉಳಿದರೆ ಪರಿಣಾಮವೇನು, ಎಲ್ಲಿ ಬರೆಯಲಿ. ಡಾಕ್ಟರು ಕೊಕ್ಕು ಬಿಡಿಸಿ ಟಾರ್ಚ್ ಹಾಕಿದರು, ಆಗಲೇ ನಾನು ಆ ಸೀಳನ್ನು ಮೊದಲು ಕಂಡದ್ದು, ನೋಡಿ, ಇದೇ ಶ್ವಾಸನಾಳದ ಬಾಯಿ, ಔಷಧಿ ನೇರವಾಗಿ ಹುಯ್ದುಬಿಟ್ರೆ ಇದರೊಳಗೆ ಹೋಗಿ ಉಸಿರು ಕಟ್ಟುತ್ತೆ, ಪಕ್ಕದಿಂದ ಒಂದೊಂದೇ ಹನಿ ಬಿಡಿ, ಹಕ್ಕಿಜ್ವರ ಅಲ್ಲ, ಅದಾಗಿದ್ರೆ ಇಷ್ಟೊತ್ತಿಗೆ ಹೋಗ್ಬಿಡ್ತಿತ್ತು, ಶೀತ ಒಳಗಿಳಿದಿದೆ, ಹೊಗೆ ಧೂಳು ತಾಗಿಸ್ಬೇಡಿ, ವಾಸಿಯಾದ್ರೂ ಒಂದಷ್ಟು ದಿನ ಕುಯ್ಯಬೇಡಿ, ಮೈಯಲ್ಲಿ ಔಷಧಿ ಇರುತ್ತೆ. ಉಳಿಯುತ್ತಾ ಸಾರ್ ಅಂದೆ. ಅವರು ಕೈ ತೊಳೆಯುತ್ತಾ, ಉಳಿದ್ರೆ ಉಳೀತು, ಹೋದ್ರೆ ಕಾಯಿಲೆಯಿಂದ ಹೋಯ್ತು, ಯಾರ ತಪ್ಪೂ ಅಲ್ಲ ಅಂದರು. ಯಾರ ತಪ್ಪೂ ಅಲ್ಲ, ದಾರಿಯುದ್ದಕ್ಕೂ ಆ ಮಾತನ್ನೇ ಬಾಯಲ್ಲಿ ಇಟ್ಟುಕೊಂಡು ಬಂದೆ, ಪೆಪ್ಪರಮೆಂಟಿನ ಹಾಗೆ.

ಡಾಕ್ಟರು ಕೊಟ್ಟ ಹಳದಿ ಪುಡಿ ನೀರಲ್ಲಿ ಕದಡಿ, ಪೆನ್ನಿಗೆ ಇಂಕು ತುಂಬುವ ಫಿಲ್ಲರಿನಲ್ಲಿ ಕೊಕ್ಕಿನ ಪಕ್ಕದಿಂದ ಒಂದೊಂದೇ ಹನಿ, ಕಣ್ಣಿಗೆ ಉಗುರುಬೆಚ್ಚಗಿನ ಉಪ್ಪುನೀರು, ಹತ್ತಿಯನ್ನು ಪ್ರಭಾ ಮಂಚದ ಮೇಲೆ ಕೂತು ಚಿಕ್ಕ ಚಿಕ್ಕ ಉಂಡೆ ಮಾಡಿ ಕಿಟಕಿಯಿಂದ ಕೊಡುತ್ತಾಳೆ, ರಾಗಿ ಅಂಬಲಿಯನ್ನು ಅಮ್ಮ ಬಟ್ಟೆಯಲ್ಲಿ ಸೋಸಿ ಕೊಡುತ್ತಾಳೆ, ಇಬ್ಬರ ಕೈಯೂ ನನ್ನ ಕೈಗೆ ಬಂದು ಸೇರುತ್ತದೆ, ಎಂಥ ಮನೆ, ಅತ್ತೆ ಸೊಸೆ ಇಷ್ಟು ಹೊಂದಿಕೊಂಡು ಒಂದು ಕೆಲಸ ಮಾಡಿದ್ದನ್ನು ನಾನು ಈ ಹಿಂದೆ ಕಂಡಿಲ್ಲ. ಓದ್ಸಿದ್ದು ಯಾತುಕ್ಕೆ, ಮಾಡ್ತಿರೋದು ಯಾತುಕ್ಕೆ, ಕೋಳಿ ಮೂಗು ಒರೆಸ್ತಾವ್ನೆ ನನ್ ಮಗ ಎಂದು ಅಮ್ಮ ನಗುತ್ತಾಳೆ, ಪ್ರಭಾ ಕಿಟಕಿಯಲ್ಲಿ ನಗುತ್ತಾಳೆ, ಆ ಎರಡು ನಗುವಿನ ಮಧ್ಯೆ ಇದನ್ನು ಹಿಡಿದುಕೊಂಡು ನಾನೂ ನಗುತ್ತೇನೆ. ಔಷಧಿ ಇರುವಾಗ ಕುಯ್ಯಬಾರದಂತೆ ಕಣಮ್ಮ, ಡಾಕ್ಟರು ಹೇಳಿದ್ದಾರೆ ಎಂದು ಬಚ್ಚಲಮನೆಯ ಹತ್ತಿರ ಪಿಸುಗುಟ್ಟಿದೆ, ಅಷ್ಟಾದರೂ ಒಂದು ನೆಪ ಸಿಕ್ಕಿತಲ್ಲ ಎಂದು, ಅಮ್ಮ ಅರ್ಥವಾಗದವಳಂತೆ ನೋಡಿದಳು, ನಮ್ಗೆ ತಾನೆ ಔಸ್ದಿ, ಮಾರಮ್ಮನ್ಗೇನು, ಅವ್ಳೇ ಔಸ್ದಿ. ಮತ್ತೆ ನಿನ್ನೆ ಸಂಜೆ, ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಹಿತ್ತಿಲ ತುಂಬ ಹೊಗೆ, ಅಮ್ಮ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಹುಂಜವನ್ನು ಮುಚ್ಚಿಟ್ಟಿದ್ದ ಬಿದಿರಿನ ಮಂಕರಿಯ ಸುತ್ತ ಧೂಪ ತೋರಿಸುತ್ತಿದ್ದಾಳೆ, ದೇವರಿಗೆ ಬಿಟ್ಟದ್ದಕ್ಕೆ ಧೂಪ ಹಾಕದೆ ಬಿಟ್ಟದ್ದೇ ತಪ್ಪಾಯಿತೆಂದು ಅವಳಿಗೆ ಮಧ್ಯಾಹ್ನದ ನಿದ್ದೆಯಲ್ಲಿ ಹೊಳೆದಿದೆ, ಹೊಗೆ ಬೇಡಮ್ಮ ಎಂದು ಓಡಿಹೋಗಿ ಮಂಕರಿ ಎತ್ತಿದರೆ ಹುಂಜ ಅಡ್ಡ ಬಿದ್ದಿದೆ, ಜುಟ್ಟು ನೇರಳೆ, ಕತ್ತು ಮುಗಿಲಿಗೆ ಚಾಚಿ ಬಾಯಿ ತೆರೆದಿದೆ, ನಾಲಗೆಯ ಬುಡದ ಸೀಳು ತೆರೆಯುತ್ತದೆ, ಮುಚ್ಚುತ್ತದೆ, ಒಳಗೆ ಏನೂ ಹೋಗುತ್ತಿಲ್ಲ, ಅಮ್ಮ ಕೆಂಡದ ತಟ್ಟೆ ಹಿಡಿದುಕೊಂಡೇ ಅಯ್ಯೋ ನನ್ ಕೈಯಾರೆ, ಅಯ್ಯೋ ನನ್ ಕೈಯಾರೆ ಎನ್ನುತ್ತಿದ್ದಾಳೆ, ಅವಳ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ನೋಡಿರಲಿಲ್ಲ, ನೀರು ತತ್ತೀನಿ ಎಂದು ಒಳಗೆ ಓಡಿದಳು, ಬಾಗಿಲಲ್ಲಿ ಪ್ರಭಾ — ಇಳಿಯಬಾರದವಳು ಇಳಿದು ಬಂದಿದ್ದಾಳೆ, ಹೊಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಹೋಗು ಒಳಗೆ ಅಂದೆ, ಹೋಗಲಿಲ್ಲ, ಇದೇ ಕಲ್ಲಿನ ಮೇಲೆ ಕೂತಳು, ಇಲ್ಲಿ ಕೊಡಿ, ಅಲ್ಲ, ನೀವೇ ಹಿಡ್ಕೊಳ್ಳಿ, ಕತ್ತು ನೇರ ಹಿಡೀರಿ, ಹಾಗೆ. ಆಮೇಲೆ ನನ್ನ ಕಡೆ ನೋಡದೆ, ನಗ್ಬೇಡಿ ಆಯ್ತಾ, ನಾನು ಅಂದ್ಕೊಂಡಿದೀನಿ, ಇದು ಉಳಿದ್ರೆ ನಂದೂ ಉಳಿಯುತ್ತೆ, ಯಾವ ದೇವ್ರಿಗೂ ಹೇಳಿಲ್ಲ, ಹಾಗೇ ನನ್ನಷ್ಟಕ್ಕೆ ಅಂದ್ಕೊಂಡಿದೀನಿ, ಈ ಸಲ ಏನೂ ಸಾಯಬಾರದು ರೀ. ನಾನು ನಗಲಿಲ್ಲ. ಹೊಗೆ ಮೆಲ್ಲಗೆ ಮೇಲೇರಿ ಮಹಡಿಗಳ ನಡುವೆ ಹೋಗುತ್ತಿತ್ತು, ಮೇಲೆ ಯಾರೋ ಕೆಮ್ಮಿದರು, ಅಂಗೈಯಲ್ಲಿ ಅದೇ ಎದೆ ಹೊಡೆದುಕೊಳ್ಳುತ್ತಿತ್ತು, ಬಿಟ್ಟು ಬಿಟ್ಟು, ನಾನು ಕಣ್ಣು ಮುಚ್ಚಿಕೊಂಡೆ, ಏನೋ ಅಂದೆ, ಬಾಯಿಬಿಟ್ಟಲ್ಲ, ಒಳಗೇ, ಮತ್ತೆ ಮತ್ತೆ ಅದನ್ನೇ ಅಂದೆ.

ಬಿಸಿಲು ಕಾಂಪೌಂಡಿನ ಅಂಚು ದಾಟಿ ಕಲ್ಲಿಗೆ ಬಂದಿದೆ, ಕೊರಳ ಚೀಲವನ್ನು ಮುಟ್ಟಿ ನೋಡುತ್ತೇನೆ, ಅಂಬಲಿ ಇಳಿದಿದೆ, ಖಾಲಿ, ಅಂದರೆ ಒಳಗೆ ಕೆಲಸ ನಡೆಯುತ್ತಿದೆ, ಕಾಲು ಬೆಚ್ಚಗಿದೆ, ಟವೆಲಿನೊಳಗೆ ಏನೋ ಒದೆಯುತ್ತದೆ, ಒದೆಯುತ್ತದೆ — ಹಿಡಿಯುವಷ್ಟರಲ್ಲಿ ಜಾರಿ ನೆಲಕ್ಕೆ ಇಳಿದಿದೆ, ನಿಂತಿದೆ, ಓಲಾಡುತ್ತಿದೆ, ಒಂದು ಕಣ್ಣು ಇನ್ನೂ ಅರೆಮುಚ್ಚಿದೆ, ಮೈ ಕೊಡವಿತು, ಪುಡಿ ಪುಡಿ ಗರಿ ಬಿಸಿಲಲ್ಲಿ ಹಾರಿತು, ಕತ್ತು ಎತ್ತುತ್ತಿದೆ, ಬೇಡ, ಇನ್ನೂ ಬೇಡ, ಸುಮ್ಮನಿರು, ಕೂಗಿಯೇಬಿಟ್ಟಿತು, ನಡುವೆ ಒಡೆದ ಕೂಗು, ಮೊದಲರ್ಧ ಹುಂಜದ್ದು, ಉಳಿದರ್ಧ ಬಾಗಿಲಿನದು, ಆದರೂ ಕೂಗು, ಕಿಟಕಿಯಲ್ಲಿ ಪ್ರಭಾ ಚಪ್ಪಾಳೆ ತಟ್ಟುತ್ತಿದ್ದಾಳೆ, ಮೇಷ್ಟ್ರು ಬಂದ್ರು, ಮೇಷ್ಟ್ರು ಬಂದ್ರು, ಅತ್ತೆ ಕೇಳಿಸ್ತಾ, ಯಶೋದಮ್ಮ ಆಚೆಯಿಂದ, ಬದುಕ್ತಾ, ಗಟ್ಟಿ ಪಿಂಡ ಕಣ್ರೀ ಅದು, ಅಮ್ಮ ಮೆಣಸಿನ ಕೈಯಲ್ಲೇ ಹೊರಗೆ ಬಂದಳು, ಕಿಟಕಿಗೆ ಬೆನ್ನು ಮಾಡಿ ನಿಂತು ಹುಂಜಕ್ಕೆ ಕೈಮುಗಿದಳು, ಕಣ್ಣಲ್ಲಿ ನೀರು, ಖಾರದ್ದೋ ಏನೋ, ಬಾಗಿ ಕಾಲಿನ ದಾರವನ್ನು ಬೆರಳಲ್ಲಿ ತಿರುಗಿಸಿ ಗಂಟು ಗಟ್ಟಿಯಿದೆಯೇ ನೋಡಿದಳು, ನನ್ನನ್ನು ಬಚ್ಚಲ ಕಡೆಗೆ ಎಳೆದುಕೊಂಡು ಹೋದಳು. ನಾಳಿದ್ದು ಮಂಗಳವಾರ, ಒಪ್ಪಿಸ್ಬುಡಾನ, ಹೆರಿಗೆ ತನ್ಕ ಕಾಯಾದು ಬ್ಯಾಡ, ಇನ್ನೊಂದ್ಸಲ ಮಲಗ್ತು ಅಂದ್ರೆ ಯಾರ್ ಕಾಯ್ತಾರೆ, ಇರೋವಾಗ್ಲೇ ಕೊಟ್ಬುಡಬೇಕು, ಅಂಜಿನಯ್ಯನ್ಗೆ ಫೋನ್ ಮಾಡು, ಬೆಳಿಗ್ಗೇನೆ ಬಂದು ಗುಡಿ ತಾವ ತಗೊಂಡೋಗ್ಲಿ, ಅಂಜಿನಯ್ಯ ನನ್ನ ಸೋದರಮಾವ, ಹೋದ ಸಲದ ಕತ್ತಿಯೂ ಅವನದೇ, ನೀನು ಅವ್ಳನ್ನ ಚೆಕಪ್‌ಗೆ ಅಂತ ಕರ್ಕೊಂಡೋಗು, ಆಟೋಲಿ ಮೆಲ್ಲುಗೆ, ಬಂದ್ಮೇಲೆ ಬೀದಿ ನಾಯಿ ಎತ್ಕೊಂಡೋಯ್ತು ಅನ್ನಾನ, ಅಳ್ಲಿ ಎರಡ್ ದಿನ. ನಾಯಿ ಎತ್ತಿಕೊಂಡು ಹೋಯಿತು ಎಂದರೆ ಪ್ರಭಾಳ ಕಿವಿಯಲ್ಲಿ ಏನಾಗಿ ಬೀಳುತ್ತದೆಂದು ಅಮ್ಮನಿಗೆ ಗೊತ್ತಿಲ್ಲ, ಹೇಳಬೇಕಾದರೆ ಕಲ್ಲಿನ ಮೇಲೆ ಕೂತು ಅವಳು ನನ್ನೊಬ್ಬನಿಗೇ ಹೇಳಿದ್ದನ್ನು ಹೇಳಬೇಕು, ಹೇಳಿದರೂ ಅಮ್ಮ ಏನು ಮಾಡಬಲ್ಲಳು, ಮಾರಮ್ಮನಿಗೆ ಕೊಟ್ಟ ಮಾತು ತಪ್ಪಿದರೂ ಅದೇ ಮಗುವಿನ ಮೇಲೆ ತಾನೆ, ಅವಳಿಗೆ ಅವಳ ಭಯ, ಇವಳಿಗೆ ಇವಳ ಭಯ, ನಡುವೆ ಇನ್ನೂ ಹುಟ್ಟದ ಒಂದು ಜೀವ, ಅಮ್ಮಾ ಅಂದೆ, ಏನ್ಲಾ ಅಂದಳು, ಏನಿಲ್ಲ ಅಂದೆ. ಪಂಚೆಯ ಮಡಿಕೆಯಲ್ಲಿ ಅಂಟಿದ ಒಂದು ಗರಿಯನ್ನು ತೆಗೆದು ಹಾಕಿದೆ, ಮತ್ತೆ ಕಲ್ಲಿನ ಮೇಲೆ ಬಂದು ಕೂತೆ, ಇವತ್ತಿನ ಔಷಧಿ ಬಾಕಿಯಿದೆ, ಕೊಡಬೇಕೇ, ಕೊಡುತ್ತೇನೆ, ಹುಂಜ ತಾನಾಗಿ ಬಂತು, ತಪ್ಪಿಸಿಕೊಳ್ಳಲಿಲ್ಲ, ಹಿಡಿದು ಹಿಡಿದು ನನ್ನ ಕೈಗೆ ಅದು ಪಳಗಿಹೋಗಿದೆ, ತೊಡೆಗೆ ಮೈ ಒತ್ತಿ ನಿಂತಿತು. ರೀ, ಪ್ರಭಾ ಕಿಟಕಿಯ ಸರಳಿಗೆ ಕೆನ್ನೆ ಇಟ್ಟುಕೊಂಡಿದ್ದಾಳೆ, ದೇವರು ಗೀವರು ಏನೂ ಇಲ್ಲ ಅಂತೀರಲ್ಲ, ನಿನ್ನೆ ಇದನ್ನ ಹಿಡ್ಕೊಂಡು ಕಣ್ಮುಚ್ಚಿದ್ರಲ್ಲ, ತುಟಿ ಅಲ್ಲಾಡ್ತಿತ್ತು, ನೋಡಿದೆ ನಾನು, ಬೇಡ್ಕೊಂಡ್ರಿ ತಾನೆ, ಹೂಂ ಅಂದೆ, ಗೊತ್ತಿತ್ತು ನಂಗೆ, ನಿಮ್ಮ ಮಾತು ಯಾರೋ ಕೇಳಿಸ್ಕೊಂಡಿದಾರೆ ಬಿಡಿ ಎಂದು ನಕ್ಕಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು, ಇದೂ ಎದ್ದಿದೆ, ಕೂಗು ಕೇಳಿ ಎದ್ದುಬಿಡ್ತು, ಬನ್ನಿ, ಕೈ ಇಟ್ಟು ನೋಡಿ. ಬಂದೆ ಇರು, ಔಷಧಿ ಹಾಕಿ ಬರ್ತೀನಿ. ಫಿಲ್ಲರಿನಲ್ಲಿ ಹಳದಿ ನೀರು, ಎರಡು ಬೆರಳಲ್ಲಿ ಕೊಕ್ಕು, ನಾಲಗೆಯ ಬುಡದಲ್ಲಿ ಆ ಸೀಳು, ಇವತ್ತು ತೊಂದರೆಯಿಲ್ಲದೆ ತೆರೆಯುತ್ತದೆ, ಮುಚ್ಚುತ್ತದೆ, ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ತೆರೆಯುತ್ತದೆ, ಮುಚ್ಚುತ್ತದೆ, ಫಿಲ್ಲರ್ ಹಿಡಿದ ಕೈ ಅಲ್ಲೇ ನಿಂತಿದೆ, ತೆರೆಯುತ್ತದೆ —

ನಿನ್ನೆ ನಾನು ಬೇಡಿಕೊಂಡದ್ದು ಇದು ಕಾಯಿಲೆಯಲ್ಲೇ ಸಾಯಲಿ, ಯಾರ ತಪ್ಪೂ ಆಗದೆ, ಎಂದು.